ಆಷಾಢದಲ್ಲಿ ನಾಲ್ಕು ದಿನದ ಆನ್‌ಲೈನ್ ಟೂರ್ನಿ: ಕರೆಂಟ್ ಹೋದ್ರೆ ಸೋತ ಹಾಗಾ?

ಕಾಫಿಕಣ (ಆಲ್ದೂರು ಕಡೆ), ಶುಕ್ರವಾರ ರಾತ್ರಿ 9:10

ಎಲ್ರಿಗೂ ನಮಸ್ಕಾರ. ನಾವೆಲ್ಲ ಚಾಟ್ ಮಾಡೋ ಡಿಸ್ಕಾರ್ಡ್ ಸರ್ವರ್‌ನಲ್ಲಿ ಈ ಆಷಾಢಕ್ಕೆ ನಾಲ್ಕು ದಿನದ ಟೂರ್ನಿ ಇಡೋಣ ಅಂತಿದ್ದೀನಿ. ಚೆಸ್, ಚೌಕಾಬಾರ, ಕೊನೇ ದಿನ ಮಜಾಕ್ಕೆ ಮೈನ್‌ಕ್ರಾಫ್ಟ್‌ನಲ್ಲಿ ಏನಾದ್ರೂ ಕಟ್ಟೋ ಸ್ಪರ್ಧೆ. ಇವತ್ತಿನವರೆಗೆ ಹೆಸರು ಕೊಟ್ಟವರು 23 ಜನ. ಹಾಸನ, ಸಕಲೇಶಪುರ, ಮೂಡಿಗೆರೆ, ಕೊಪ್ಪದೋರು, ಬೆಂಗಳೂರು ಸೇರಿದೋರು, ದುಬೈಲಿ ಇಬ್ರು, ಕ್ಯಾಲಿಫೋರ್ನಿಯಾದಲ್ಲಿ ಒಬ್ರು.

ಆಷಾಢ ಯಾಕಪ್ಪಾ ಅಂದ್ರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ತೋಟದಲ್ಲಿ ಕೊಯ್ಲೂ ಇಲ್ಲ. ಹೋದ ಸಲ ಡಿಸೆಂಬರಲ್ಲಿ ಇಟ್ಟು ಕೈ ಸುಟ್ಕೊಂಡೆ. ಅರೇಬಿಕಾ ಹಣ್ಣಿನ ಕಾಲ. ಮೊದಲನೇ ದಿನ 18 ಜನ, ಎರಡನೇ ದಿನ 9, ಫೈನಲ್ ದಿನ ಇದ್ದ ಇಬ್ಬರಲ್ಲಿ ಒಬ್ರು ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಮಷೀನು) ಪಕ್ಕ ನಿಂತು ಆಡ್ತಿದ್ರು. ಆ ಶಬ್ದದಲ್ಲಿ ನಾನು ವಾಯ್ಸ್ ಚಾನೆಲಲ್ಲಿ ಗಂಟಲು ಹರ್ಕೊಂಡಿದ್ದೇ ಬಂತು.

ಈಗ ತಲೆನೋವು ಏನಂದ್ರೆ, ಆಷಾಢ ಅಂದ್ರೆ ಮಳೆ, ಮಳೆ ಅಂದ್ರೆ ಕರೆಂಟ್ ಇಲ್ಲ. ಆಟದ ಮಧ್ಯ ಹೋದ್ರೆ ಸೋಲು ಅಂತ ಬರ್ಕೊಳ್ಳೋದಾ? ಕಾಯೋದಾದ್ರೆ ಎಷ್ಟು ಹೊತ್ತು? ಇದೊಂದು ಬಗೆಹರಿಸಿ ಕೊಡಿ, ಉಳಿದದ್ದು ನಾನು ನೋಡ್ಕೋತೀನಿ. ನಾಕೌಟ್ ಮಾಡೋಣ ಅಂತ ಲೆಕ್ಕ.

ಬಿಎಂರೋಡ್‌ಹುಡ್ಗ (ಹಾಸನ), 9:18

ಸೋಲು ಅಂತಲೇ ಬರೀರಿ ಅಣ್ಣ. ಯುಪಿಎಸ್ ಇಟ್ಕೊಳ್ಳೋದು ಅವರವರ ಜವಾಬ್ದಾರಿ. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು.

ಘಾಟಿಮಂಜು (ಕೊಟ್ಟಿಗೆಹಾರ), 9:25

ಪೇಟೇಲಿ ಕೂತು ಯುಪಿಎಸ್ ಬಗ್ಗೆ ಉಪದೇಶ ಮಾಡ್ತೀರಲ್ಲ ಮಾರಾಯ್ರೆ. ಹೋದ ಜುಲೈಲಿ ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದು ಆರು ದಿನ ಕರೆಂಟ್ ಇರ್ಲಿಲ್ಲ. ಯುಪಿಎಸ್ ಮೊದಲ ರಾತ್ರಿಗೇ ಸತ್ತಿತ್ತು. ಮಾರನೇ ದಿನ ಟವರಿನ ಬ್ಯಾಟರಿನೂ ಖಾಲಿ, ಅಲ್ಲಿಗೆ ಫೋನೂ ಒಂದು, ಕಲ್ಲೂ ಒಂದು. ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡ್ಕೊಬಹುದು, ಸಿಗ್ನಲ್ ಜೀಪಲ್ಲಿ ಬರಲ್ಲ.

ಬಿಎಂರೋಡ್‌ಹುಡ್ಗ, 9:27

ಹಂಗಾದ್ರೆ ಹೆಸರು ಕೊಡ್ಬಾರ್ದಿತ್ತು 😀

ಘಾಟಿಮಂಜು, 9:28

ಹೋದ ಸಲ ನಿನ್ನ 19 ನಡೆಗೆ ಚೆಕ್‌ಮೇಟ್ ಮಾಡಿದ್ದು ಯಾರು ಅಂತ ಜ್ಞಾಪಕ ಇದ್ಯಾ ತಮ್ಮಾ?

ಸುಮ್ನೆನೋಡೋನು, 9:28

ಶುರುವಾಯ್ತು.

ಲೆಕ್ಕದಮೇಷ್ಟ್ರು (ಅರಸೀಕೆರೆ), 9:52

ಕರೆಂಟಿನ ಪ್ರಶ್ನೆ ಆಮೇಲೆ. ಮೊದಲು ಆ ನಾಕೌಟ್ ಕೈಬಿಡಿ. 23 ಜನಕ್ಕೆ ನಾಕೌಟ್ ಅಂದ್ರೆ 32ರ ಚೌಕಟ್ಟು ಹಾಕ್ಬೇಕು. 9 ಜನ ಮೊದಲ ಸುತ್ತು ಆಡದೇ ಪಾಸು. ಆಡೋ 14ರಲ್ಲಿ 7 ಜನ ಅವತ್ತೇ ಮನೆಗೆ, ಎರಡನೇ ಸುತ್ತಿಗೆ ಇನ್ನೂ 8 ಜನ. ಒಟ್ಟು 15 ಜನಕ್ಕೆ ಉಳಿದ ದಿನ ಏನು ಕೆಲಸ? ಚಪ್ಪಾಳೆ ತಟ್ಟೋದಾ? ಹೋದ ಸಲ ಜನ ಕರಗಿದ್ದಕ್ಕೆ ಕಾಫಿ ಹಣ್ಣಿನ ಮೇಲೆ ಗೂಬೆ ಕೂರಿಸ್ತಿದ್ದೀರಿ. ಅರ್ಧ ಕಾರಣ ನಿಮ್ಮ ನಾಕೌಟೇ.

ಎಲ್ಲರ ಮೇಲೆ ಎಲ್ಲರೂ ಆಡೋದು ಅಂದ್ರೆ 253 ಆಟ, ಅದು ಶ್ರಾವಣ ಕಳೆದ್ರೂ ಮುಗಿಯಲ್ಲ. ಸ್ವಿಸ್ ಪದ್ಧತಿ ಹಿಡೀರಿ. 1895ರಲ್ಲಿ ಜ್ಯೂರಿಕ್‌ನ ಚೆಸ್ ಟೂರ್ನಿಯಲ್ಲಿ ಶುರುವಾದದ್ದಕ್ಕೆ ಆ ಹೆಸರು. ಯಾರೂ ಹೊರಗೆ ಹೋಗಲ್ಲ. ಪ್ರತಿ ಸುತ್ತಲ್ಲೂ ನಿಮ್ಮಷ್ಟೇ ಅಂಕ ಇರೋರ ಜೊತೆ ಜೋಡಿ ಬೀಳುತ್ತೆ, ಆಡಿದವರ ಜೊತೆ ಮತ್ತೆ ಬೀಳಲ್ಲ. ಐದು ಸುತ್ತು, ಸುತ್ತಿಗೆ 11 ಆಟ, ಒಬ್ಬರಿಗೆ ಬೈ, ಅಂದ್ರೆ ಆಡದೇ ಪಾಸು. ಒಟ್ಟು 55 ಆಟ.

ಈಗ ನಿಮ್ಮ ಕರೆಂಟ್ ಪ್ರಶ್ನೆಗೆ ಬನ್ನಿ. ನಾಕೌಟಲ್ಲಿ ಕರೆಂಟ್ ಹೋದ್ರೆ ಟೂರ್ನಿನೇ ಹೋಯ್ತು. ಸ್ವಿಸ್ಸಲ್ಲಿ ಹೋಗೋದು ಒಂದೇ ಅಂಕ. ಜಗಳ ಅಲ್ಲಿಗೇ ಅರ್ಧ ಆಗುತ್ತೆ.

ಕಾಫಿಕಣ, 10:01

ಮೇಷ್ಟ್ರೇ, ಇದು ಹೊಳೆದೇ ಇರ್ಲಿಲ್ಲ. ಆದ್ರೆ ಐದು ಸುತ್ತಿಗೆ ಇಬ್ರು ಮೂವರು ಸಮ ಆಗ್ಬಹುದಲ್ಲ?

ಲೆಕ್ಕದಮೇಷ್ಟ್ರು, 10:06

ಬುಕೋಲ್ಟ್ಸ್ ಅಂತ ಇದೆ. ನೀವು ಎದುರಿಸಿದವರೆಲ್ಲ ಒಟ್ಟು ಎಷ್ಟು ಅಂಕ ತಗೊಂಡ್ರು ಅಂತ ಕೂಡೋದು. ಗಟ್ಟಿಗರ ಜೊತೆ ಗುದ್ದಾಡಿದವರು ಮೇಲೆ. ಇದನ್ನ ಮೊದಲೇ ಬರೆದು ಪಿನ್ ಮಾಡಿ. ಫಲಿತಾಂಶ ಬಂದ ಮೇಲೆ ಹೇಳಿದ್ರೆ ಯಾರೂ ನಂಬಲ್ಲ.

ತೆಂಗಿನಗರಿ (ಚನ್ನರಾಯಪಟ್ಟಣ), 10:15

ಕರೆಂಟ್ ಹೋಯ್ತು ಅನ್ನೋದನ್ನೆಲ್ಲ ನಂಬೋಕೆ ಹೋಗ್ಬೇಡಿ. ಬೇರೊಂದು ಗುಂಪಲ್ಲಿ ನಾನು ಕ್ಯಾರಂ ಟೂರ್ನಿ ನಡೆಸಿದ್ದೆ. ಒಬ್ಬ ಹುಡುಗ ಸೋಲೋ ಹಂತಕ್ಕೆ ಬಂದಾಗಲೆಲ್ಲ ಮಾಯ. ಹತ್ತು ನಿಮಿಷ ಬಿಟ್ಟು "ಅಣ್ಣ, ಕರೆಂಟ್ ಹೋಗಿತ್ತು" ಅಂತ ಮೆಸೇಜು. ಎರಡು ಸಲ ಆಟ ಮತ್ತೆ ಆಡಿಸ್ದೆ. ಮೂರನೇ ಸಲ ಅವನು ಹಂಗಂದಾಗ ಇನ್ನೊಬ್ಬ ಗುಂಪಲ್ಲೇ ಬರೆದ: "ನಿಮ್ಮನೆಗೂ ನಮ್ಮನೆಗೂ ಒಂದೇ ಟಿಸಿ ಕಣೋ, ಒಂದೇ ಟ್ರಾನ್ಸ್‌ಫಾರ್ಮರು, ನಮ್ಮಲ್ಲಿ ಈಗ ಮಿಕ್ಸಿ ಓಡ್ತಿದೆ." ಹುಡುಗ ಅವತ್ತೇ ಗುಂಪು ಬಿಟ್ಟ.

ಸೀಗೆಬೇಲಿ (ಕೊಪ್ಪ), 10:17

ಒಂದೇ ಟಿಸಿ!! 😂 ನಗು ತಡ್ಕೊಳ್ಳೋಕಾಗ್ತಿಲ್ಲ, ಮಗು ಎದ್ದು ಕೂತು ನನ್ನೇ ನೋಡ್ತಿದೆ.

ಗೊರೂರುಗಾಳಿ, 10:30

ಬಹುಮಾನ ಏನು? ತಲೆಗೆ 50 ರೂಪಾಯಿ ಎಂಟ್ರಿ ಫೀ ಇಟ್ಟು ಗೆದ್ದವರಿಗೆ ಕೊಡೋಣ ಅಂತ ಸರ್ವರ್‌ನಲ್ಲಿ ಯಾರೋ ಬರೆದಿದ್ರು. ಅದು ಬೇಡ್ವೇ ಬೇಡ. 2025ರ ಆಗಸ್ಟಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ನೋಡಿ. ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆನ್‌ಲೈನ್ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ.

ಬಿಎಂರೋಡ್‌ಹುಡ್ಗ, 10:33

ಚೆಸ್ ಜೂಜಲ್ಲ ಗುರು, ತಲೆ ಆಟ. ನಮ್ಮ ಹೈಕೋರ್ಟೇ ನಿಷೇಧನ ಹೊಡೆದು ಹಾಕ್ತಲ್ಲ?

ಗೊರೂರುಗಾಳಿ, 10:41

ಅದು ಬೇರೆ ಕಥೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗ ರದ್ದು ಮಾಡ್ತು. ಇದು ಸಂಸತ್ತಿನ ಕಾಯ್ದೆ. ದುಡ್ಡಿನ ಆಟ ಅಂದ ಮೇಲೆ ತಲೆ ಆಟವೋ ಅದೃಷ್ಟದ ಆಟವೋ ಅಂತ ಇದು ನೋಡಲ್ಲ. ಇ-ಸ್ಪೋರ್ಟ್‌ಗೆ ಬೇರೆ ದಾರಿ ಇದೆ, ಅದಕ್ಕೆ ಮಾನ್ಯತೆ, ನೋಂದಣಿ ಎಲ್ಲ ಬೇಕು. 23 ಜನದ ಮಳೆಗಾಲದ ಆಟಕ್ಕೆ ಅಷ್ಟೆಲ್ಲ ಯಾರು ಓಡಾಡ್ತಾರೆ? ದುಡ್ಡು ಮುಟ್ಟದೇ ಇದ್ರೆ ತಲೆನೋವೇ ಇಲ್ಲ.

ಕಾಫಿಕಣ, 10:44

ದುಡ್ಡು ಬೇಡ, ಆಯ್ತು. ಮೂವರಿಗೆ ತಲಾ ಅರ್ಧ ಕೇಜಿ ಕಾಫಿಪುಡಿ ನನ್ನ ಕಡೆಯಿಂದ. ನಮ್ಮ ಕಣದ್ದೇ.

ಮರಳುಗಾಡುಮಲ್ಲಿಗೆ (ದುಬೈ, ಊರು ಬೇಲೂರು), 10:46

ದುಬೈಗೂ ಕಳಿಸ್ತೀರಾ? ಚಿಕೋರಿ ಎಷ್ಟು?

ಕಾಫಿಕಣ, 10:47

ಚಿಕೋರಿನಾ? ನಮ್ಮನೇಲಿ ಆ ಪದ ಆಡಿದ್ರೆ ಅಪ್ಪ ಊಟ ಬಿಡ್ತಾರೆ.

ತೆಂಗಿನಗರಿ, 10:50

30 ಇಲ್ದೇ ಇದ್ರೆ ಡಿಕಾಕ್ಷನ್‌ಗೆ ಮೈಕಟ್ಟೇ ಬರಲ್ಲ. ತೋಟದೋರಿಗೆ ಇದು ಯಾವತ್ತೂ ಅರ್ಥ ಆಗಲ್ಲ.

ಘಾಟಿಮಂಜು, 10:51

30 ಹಾಕಿದ್ರೆ ಅದಕ್ಕೆ ಕಾಫಿ ಅನ್ಬೇಡಿ, ಬೇರೆ ಹೆಸರಿಡಿ.

ಗೊರೂರುಗಾಳಿ, 10:55

ಕಾನೂನು ಕೇಳಿದ್ರೆ, ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟಿಗೆ ಕಮ್ಮಿ ಇರೋ ಹಂಗಿಲ್ಲ. ಅಂದ್ರೆ ಚಿಕೋರಿ 49ರವರೆಗೆ ಹಾಕಿದ್ರೂ ಜೈಲಿಲ್ಲ.

ಸುಮ್ನೆನೋಡೋನು, 10:56

ಟೂರ್ನಿ ಎಲ್ಲಿ ಹೋಯ್ತು?

ಕಾಫಿಕಣ, ಶನಿವಾರ ಬೆಳಿಗ್ಗೆ 7:20

ಚೌಕಾಬಾರಕ್ಕೆ ಡಿಸ್ಕಾರ್ಡಲ್ಲಿ ದಾಳ ಹಾಕೋ ಬಾಟ್ ಇದೆ. ಕವಡೆ ಬದಲು ಅದನ್ನೇ ಬಳಸೋಣ ಅಂತಿದ್ದೀನಿ. ಮಣೆಗೆ ಒಂದು ಶೀಟ್ ಮಾಡಿದ್ದೀನಿ, ಕಾಯಿ ಅಂದ್ರೆ ಬಣ್ಣದ ಅಕ್ಷರ.

ಲೆಕ್ಕದಮೇಷ್ಟ್ರು, 7:48

ದಾಳ ಹಾಕಿದ್ರೆ ಅದು ಚೌಕಾಬಾರ ಆಗಲ್ಲ, ಲೂಡೋ ಆಗುತ್ತೆ. ನಾಲ್ಕು ಕವಡೆ ಅಂದ್ರೆ ನಾಲ್ಕು ನಾಣ್ಯ ಚಿಮ್ಮಿದ ಹಾಗೆ, 16 ಥರ ಬೀಳಬಹುದು. ಅದರಲ್ಲಿ ಎರಡು ಬೀಳೋದು 6, ಒಂದು ಮತ್ತೆ ಮೂರು ತಲಾ 4. ನಾಲ್ಕೂ ಅಂಗಾತ ಬಿದ್ದು ಚೌಕ ಆಗೋದು ಒಂದೇ, ನಾಲ್ಕೂ ಬೋರಲು ಬಿದ್ದು ಬಾರ, ಅಂದ್ರೆ ಎಂಟು, ಆಗೋದೂ ಒಂದೇ. ಸರಾಸರಿ ಎರಡೂವರೆ ಮನೆ. ದಾಳದಲ್ಲಿ ಸರಾಸರಿ ಮೂರೂವರೆ, ಜೊತೆಗೆ ಐದು ಆರು ಅಂತ ನಮ್ಮಲ್ಲಿ ಇಲ್ಲದ ಸಂಖ್ಯೆ, ಎಂಟು ಅಂತೂ ಬೀಳೋದೇ ಇಲ್ಲ. ಬಾರ ಬೀಳದ ಚೌಕಾಬಾರ ಯಾಕೆ ಬೇಕು?

ಬಾಟಿಗೆ ಎರಡೇ ಮುಖದ ನಾಲ್ಕು ದಾಳ ಹಾಕೋಕೆ ಹೇಳಿ. ಎಷ್ಟು ಒಂದು ಬಿತ್ತು ಅಂತ ಎಣಿಸಿ, ಒಂದೂ ಬೀಳದೇ ಇದ್ರೆ ಎಂಟು. ನಿಜವಾದ ಕವಡೆ ಅಷ್ಟು ಸಮಸಮ ಬೀಳಲ್ಲ, ಅದು ಬೇರೆ ಮಾತು. ಒಂದೊಂದು ಮನೆಯ ಕವಡೆಗೆ ಒಂದೊಂದು ಬುದ್ಧಿ.

ಸೀಗೆಬೇಲಿ, 8:30

ನಮ್ಮಲ್ಲಿ ಇದನ್ನ ಬಾಟ್ ಇಲ್ಲದೇ ಮಾಡ್ತೀವಿ. ನಮ್ಮತ್ತೆಗೆ 74 ವರ್ಷ. ಮೊಮ್ಮಗಳು ಮೆಲ್ಬರ್ನಲ್ಲಿ. ಪ್ರತಿ ಭಾನುವಾರ ಇಬ್ಬರದೂ ವಿಡಿಯೋ ಕಾಲಲ್ಲಿ ಚೌಕಾಬಾರ. ಮಣೆ ಇಲ್ಲೇ ಜಗಲಿ ಮೇಲೆ, ಸೀಮೆಸುಣ್ಣದಲ್ಲಿ ಬರೆದದ್ದು. ಎರಡು ರಾಗಿ ಡಬ್ಬ ಎದುರುಬದುರು ಇಟ್ಟು, ಮೇಲೆ ಎರಡು ಸ್ಕೇಲ್ ಅಡ್ಡ ಹಾಕಿ ಫೋನನ್ನ ಬೋರಲು ಮಲಗಿಸ್ತೀವಿ. ಕ್ಯಾಮೆರಾಕ್ಕೆ ಪೂರ್ತಿ ಮಣೆ ಕಾಣುತ್ತೆ. ಇಬ್ಬರ ಕವಡೆಯನ್ನೂ ಅತ್ತೆಯೇ ಹಾಕೋದು.

ತಮಾಷೆ ಅಂದ್ರೆ ಅತ್ತೆ ತಮ್ಮ ಆಟಕ್ಕೆ ಕವಡೆಯನ್ನ ಚೆನ್ನಾಗಿ ಕುಲುಕಿ ಹಾಕ್ತಾರೆ, ಮೊಮ್ಮಗಳಿಗೆ ಹಾಕುವಾಗ ಹಾಗೇ ಜಾರಿಸಿ ಬಿಡ್ತಾರೆ. ಒಂದಿನ ಅವಳು "ಅಜ್ಜಿ, ನನ್ನದನ್ನೂ ಕುಲುಕು" ಅಂದದ್ದಕ್ಕೆ ಇವರು "ಅಲ್ಲಿ ಕೂತ್ಕೊಂಡು ನನ್ನ ಕೈ ಮೇಲೆ ಅನುಮಾನ ಪಡ್ತೀಯಾ" ಅಂತ ಫೋನಿನ ಮೇಲೆ ಸೆರಗು ಮುಚ್ಚಿಬಿಟ್ರು. ಅದಕ್ಕೇ ಹೇಳೋದು, ಮೇಜಿಗೊಬ್ಬರು ಆಡದೇ ಇರೋರು ಕವಡೆ ಹಾಕ್ಲಿ.

ತೆಂಗಿನಗರಿ, 8:41

ಅಕ್ಕ, ಅತ್ತೆಯವರನ್ನ ಟೂರ್ನಿಗೆ ಸೇರಿಸಿ!

ಸೀಗೆಬೇಲಿ, 8:44

ಕೇಳ್ದೆ. "ಒಂದೂ ಕಡಿಯದೇ ಒಳಗೆ ಬಿಡೋ ಆಟಕ್ಕೆ ನಾನು ಬರಲ್ಲ" ಅಂದ್ರು.

ಬಿಎಂರೋಡ್‌ಹುಡ್ಗ, 8:46

ಅಂದ್ರೆ? ನಮ್ಮನೇಲಿ ಕಡಿಯದೇನೂ ಒಳಸುತ್ತಿಗೆ ಹೋಗ್ಬಹುದು.

ಘಾಟಿಮಂಜು, 8:47

ಅದೆಂತ ಆಟ ಮಾರಾಯ? ಎದುರಿನವರ ಒಂದು ಕಾಯಾದ್ರೂ ಹೊಡೀಬೇಕು, ಆಮೇಲೇ ಒಳಗೆ. ಇಲ್ಲಾಂದ್ರೆ ಹೊರಸುತ್ತಲ್ಲೇ ತಿರುಗ್ತಾ ಇರೋದು.

ಮರಳುಗಾಡುಮಲ್ಲಿಗೆ, 8:52

ಬೇಲೂರು ಕಡೆನೂ ಕಡಿಯಲೇಬೇಕು. ಆದ್ರೆ ಒಂದೇ ಮನೇಲಿರೋ ಜೋಡಿ ಕಾಯಿಯನ್ನ ಒಂಟಿ ಕಾಯಿ ಹೊಡೆಯೋ ಹಾಗಿಲ್ಲ.

ಬಿಎಂರೋಡ್‌ಹುಡ್ಗ, 8:53

ಜೋಡಿ?? ಇದು ಯಾವಾಗ ಬಂತು?

ಲೆಕ್ಕದಮೇಷ್ಟ್ರು, 9:05

ಕರೆಂಟಿಗಿಂತ ದೊಡ್ಡ ಜಗಳ ಇಲ್ಲಿದೆ ನೋಡಿ. ನಿಯಮ ಬರೆದು ಮೂರು ದಿನ ಮುಂಚೆ ಹಾಕಿ. ಯಾರ ಮನೆ ನಿಯಮ ಆದ್ರೂ ಪರವಾಗಿಲ್ಲ, ಒಂದೇ ಇರ್ಲಿ.

ಕಾಫಿಕಣ, 9:12

ಕಡಿದೇ ಒಳಗೆ. ಜೋಡಿ ಇಲ್ಲ. ಚೌಕ, ಬಾರ ಬಿದ್ರೆ ಇನ್ನೊಂದು ಸಲ ಹಾಕೋದು. ಮುಗೀತು. ಕೊಪ್ಪದ ಅಮ್ಮನವರಿಗೋಸ್ಕರ.

ಮರಳುಗಾಡುಮಲ್ಲಿಗೆ, 9:30

ಸಮಯದ್ದು ಹೇಳಿ. ಸರ್ವರ್‌ನಲ್ಲಿ ರಾತ್ರಿ 8 ಅಂತ ಬರೆದಿದ್ದೀರಿ, ಯಾರ 8? ಹೋದ ಸಲ ನಾನು ನಮ್ಮ 8ಕ್ಕೆ ಲಾಗಿನ್ ಆದೆ. ನಿಮ್ಮಲ್ಲಿ ಒಂಬತ್ತೂವರೆ ಆಗಿತ್ತು, ಎದುರಾಳಿ ಮಲಗಿದ್ರು. ನಿಮ್ಮ 8 ಅಂದ್ರೆ ನಮಗೆ ಸಂಜೆ ಆರೂವರೆ, ಕ್ಯಾಲಿಫೋರ್ನಿಯಾದವರಿಗೆ ಜುಲೈಲಿ ಅದೇ ದಿನ ಬೆಳಿಗ್ಗೆ ಏಳೂವರೆ.

ಡಿಸ್ಕಾರ್ಡಲ್ಲೇ ಟೈಮ್‌ಸ್ಟ್ಯಾಂಪ್ ಅಂತ ಇದೆ. ಅದನ್ನ ಹಾಕಿದ್ರೆ ನೋಡೋರ ಗಡಿಯಾರಕ್ಕೆ ತಕ್ಕಂತೆ ತಾನೇ ಬದಲಾಗುತ್ತೆ. ದಯವಿಟ್ಟು ಅದನ್ನೇ ಹಾಕಿ, ಕೈಯಲ್ಲಿ ಬರೀಬೇಡಿ.

ಕಾಫಿಕಣ, 9:34

ಖಂಡಿತ ಅಕ್ಕ. ಕ್ಯಾಲಿಫೋರ್ನಿಯಾದವರು ಭಾನುವಾರ ಬೆಳಿಗ್ಗೆ ಏಳೂವರೆಗೆ ಏಳ್ತಾರಾ ಅನ್ನೋದೇ ಡೌಟು.

ಬ್ಲಾಕುಜಕ್ಕಣ (ಹಳೇಬೀಡು, ಪಿಯುಸಿ), 11:02

ಮೈನ್‌ಕ್ರಾಫ್ಟಿಗೆ ವಿಷಯ ನಾನು ಹೇಳ್ಲಾ? ಹೊಯ್ಸಳ ಗುಡಿಯ ಜಗತಿ. ನಕ್ಷತ್ರದ ಆಕಾರ ಇರೋ ಕಟ್ಟೆ. ನಮ್ಮೂರು, ಬೇಲೂರು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ಅದಕ್ಕೂ ಹೊಂದುತ್ತೆ.

ಕಷ್ಟ ಎಲ್ಲಿ ಅಂದ್ರೆ ಬ್ಲಾಕ್ ಎಲ್ಲ ಚೌಕ, ಒಂದೊಂದು ಒಂದು ಮೀಟರ್. ಓರೆ ಗೆರೆ ಬರಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ. ನಾನು ಟ್ರೈ ಮಾಡಿದ್ದೆ, ಚಿಕ್ಕದಾಗಿ ಕಟ್ಟಿದ್ರೆ ನಕ್ಷತ್ರ ಹೋಗಿ ಹಲಸಿನಹಣ್ಣಿನ ಥರ ಕಾಣ್ಸುತ್ತೆ. 60 ಬ್ಲಾಕ್ ಅಗಲ ಆದ್ರೂ ಬೇಕು. ಮೂರು ಜನದ ತಂಡ, ಎರಡು ಗಂಟೆ ಕೊಡಿ. ಮೈನ್‌ಕ್ರಾಫ್ಟಲ್ಲಿ ಒಂದು ಹಗಲು ರಾತ್ರಿ ಸೇರಿ 20 ನಿಮಿಷ ಅಷ್ಟೇ, ಕ್ರಿಯೇಟಿವ್ ಮೋಡ್‌ನಲ್ಲಿಟ್ಟು (ಬ್ಲಾಕ್ ಎಷ್ಟು ಬೇಕಾದ್ರೂ ಸಿಗುತ್ತೆ) ಕತ್ತಲಾಗೋದನ್ನ ಆಫ್ ಮಾಡಿ. ಇಲ್ಲಾಂದ್ರೆ ಎರಡು ಗಂಟೇಲಿ ಆರು ಸಲ ಕತ್ತಲಾಗುತ್ತೆ.

ಘಾಟಿಮಂಜು, 11:05

ಆರು ಸಲ ಕತ್ತಲಾ? ನಮಗೆ ಅಭ್ಯಾಸ ಇದೆ ಬಿಡು ಮರಿ.

ತೆಂಗಿನಗರಿ, 11:20

ಚೆಸ್ಸಲ್ಲಿ ಕಂಪ್ಯೂಟರ್ ಹೇಳ್ಕೊಡೋ ನಡೆ ನೋಡ್ಕೊಂಡು ಆಡೋರಿಗೇನ್ಮಾಡ್ತೀರಿ?

ಲೆಕ್ಕದಮೇಷ್ಟ್ರು, 11:31

ಅರ್ಧ ಕೇಜಿ ಪುಡಿಗೆ ಯಾರು ಮಾನ ಕಳ್ಕೋತಾರೆ? ಗಡಿಯಾರದಲ್ಲಿ ಆಳಿಗೆ ಹತ್ತು ನಿಮಿಷ, ನಡೆಗೆ ಐದು ಸೆಕೆಂಡ್ ಸೇರಿಸಿ ಇಟ್ರೆ ಸಾಕು. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟಲ್ಲೇ ಆಡಿಸಿ, ಪುಕ್ಕಟೆ, ಜಾಹೀರಾತೂ ಇಲ್ಲ, ಪ್ರತಿ ಆಟವೂ ನಡೆ ಸಮೇತ ಉಳಿಯುತ್ತೆ. ಅನುಮಾನ ಬಂದ್ರೆ ಆಮೇಲೆ ತೆಗೆದು ನೋಡಬಹುದು. ವಾಯ್ಸ್ ಚಾನೆಲಲ್ಲಿ ಕಾಮೆಂಟ್ರಿ ಹೇಳೋದಾದ್ರೆ ಆಡೋರು ಆ ಚಾನೆಲಲ್ಲಿ ಇರಬಾರದು, ಅಷ್ಟು ನೋಡ್ಕೊಳ್ಳಿ. "ಅಯ್ಯೋ ಕುದುರೆ ಹೋಯ್ತು" ಅಂತ ನೀವು ಕೂಗಿದ್ರೆ ಅವರಿಗೆ ಕುದುರೆ ಕಾಣ್ಸುತ್ತೆ.

ಕಾಫಿಕಣ ಅವ್ರೇ, ನೀವು ಆಡಬೇಡಿ. ನಡೆಸೋನೇ ಆಡಿದ್ರೆ ಗೆದ್ರೂ ಮಾತು, ಸೋತ್ರೂ ಮಾತು. ನಾಲ್ಕು ರಾತ್ರಿನೂ ಒಬ್ಬರೇ ಕೂರಬೇಡಿ, ರಾತ್ರಿಗೊಬ್ಬರನ್ನ ಹಾಕಿ. ನಿಮ್ಮ ಮನೇಲೂ ಕರೆಂಟ್ ಹೋಗುತ್ತೆ ತಾನೇ?

ಕಾಫಿಕಣ, 11:35

ಇದನ್ನ ಯೋಚ್ನೆನೇ ಮಾಡಿರ್ಲಿಲ್ಲ ಮೇಷ್ಟ್ರೇ. ನನ್ನ ಕರೆಂಟ್ ಹೋದ್ರೆ ಟೂರ್ನಿನೇ ಮಲಗುತ್ತೆ.

ಸರಿ, ಮೂಲ ಪ್ರಶ್ನೆ ಇನ್ನೂ ಹಾಗೇ ಇದೆ.

ಗೊರೂರುಗಾಳಿ, 12:10

ಕ್ರಿಕೆಟ್ ಥರ ಮೀಸಲು ದಿನ ಇಡಿ. ನಾಲ್ಕು ದಿನ ಒಟ್ಟಿಗೆ ಯಾಕೆ? ಎರಡು ಶನಿವಾರ, ಎರಡು ಭಾನುವಾರ. ನಡುವಿನ ಐದು ದಿನ ಉಳಿದ ಆಟ ಮುಗಿಸೋಕೆ.

ಬಿಎಂರೋಡ್‌ಹುಡ್ಗ, 12:12

ಮೀಸಲು ದಿನ ಅನ್ಬೇಡ ಗುರು. 2019, ಮ್ಯಾಂಚೆಸ್ಟರ್, ಸೆಮಿಫೈನಲ್. ಆ ರನೌಟ್ ಇನ್ನೂ ಕಣ್ಮುಂದೆ ಇದೆ.

ತೆಂಗಿನಗರಿ, 12:13

18 ರನ್ 💔

ಲೆಕ್ಕದಮೇಷ್ಟ್ರು, 12:40

ಗಾಳಿಯವರು ಹೇಳಿದ್ದು ಸರಿ. ಚೆಸ್ಸಿಗೆ ಇನ್ನೊಂದು ಅನುಕೂಲ ಇದೆ. ನಿಂತ ಆಟದ ಮಣೆಯನ್ನ ಎಫ್‌ಇಎನ್ ಅಂತ ಒಂದೇ ಸಾಲಲ್ಲಿ ನಕಲು ಮಾಡ್ಕೊಬಹುದು. ಬುಧವಾರ ಅದೇ ಸಾಲು ಹಾಕಿ ಅಲ್ಲಿಂದಲೇ ಮುಂದುವರಿಸಬಹುದು, ಗಡಿಯಾರದಲ್ಲಿ ಉಳಿದ ಸಮಯ ಮಾತ್ರ ಬರೆದಿಟ್ಕೊಳ್ಳಿ. ಎದುರಾಳಿ ಹೊರಗೆ ಹೋದ್ರೆ ಸ್ವಲ್ಪ ಹೊತ್ತಿಗೆ ಗೆಲುವು ತಗೋ, ಡ್ರಾ ಮಾಡ್ಕೋ ಅಂತ ಗುಂಡಿ ಬರುತ್ತೆ. ಗೆಲುವಿನ ಗುಂಡಿ ಒತ್ತಬಾರದು ಅಂತ ನಿಯಮ ಮಾಡಿ. ಡ್ರಾ ಒತ್ತಿ ಆಟ ಮುಚ್ಚಿ, ನಮ್ಮ ಪಟ್ಟೀಲಿ ಮಾತ್ರ "ಬಾಕಿ" ಅಂತ ಇರ್ಲಿ. ಬಾಕಿ ಆಟವನ್ನ ಸದ್ಯಕ್ಕೆ ಡ್ರಾ ಅಂತ ಹಿಡಿದು ಮುಂದಿನ ಸುತ್ತಿನ ಜೋಡಿ ಹಾಕಬಹುದು. ಜೋಡಿ ಪಟ್ಟಿ ನಾನು ಬರ್ಕೊಡ್ತೀನಿ.

ಸೀಗೆಬೇಲಿ, 12:58

ಸುಳ್ಳು ಕರೆಂಟಿಗೆ ನನ್ನ ಸಲಹೆ: ಆಳಿಗೊಂದು ಕರೆಂಟ್ ಚೀಟಿ. ಒಂದು ಸಲ ಹೋಯ್ತು ಅಂದ್ರೆ ಯಾರೂ ಯಾಕೆ ಏನು ಅಂತ ಕೇಳಬಾರದು. ಚೀಟಿ ಮುಗಿದ ಮೇಲೆ ಹೋದ್ರೆ ಅಂಕ ಎದುರಿನವರಿಗೆ. ಟಿಸಿ ವಿಚಾರಣೆ ಎಲ್ಲ ಬೇಡ.

ಘಾಟಿಮಂಜು, 1:02

ಹಾಸನಕ್ಕೆ ಒಂದು, ಘಾಟಿಗೆ ಎರಡು.

ಬಿಎಂರೋಡ್‌ಹುಡ್ಗ, 1:03

ಮೀಸಲಾತಿನಾ?

ಘಾಟಿಮಂಜು, 1:04

ಮಳೆ ಲೆಕ್ಕದಲ್ಲಿ ಕೊಡೋದಾದ್ರೆ ನಿಂಗೆ ಅರ್ಧ ಚೀಟಿ.

ಕಾಫಿಕಣ, ಭಾನುವಾರ ರಾತ್ರಿ 8:15

ನಿನ್ನೆ ಮಧ್ಯಾಹ್ನದಿಂದ ಕರೆಂಟ್ ಇರ್ಲಿಲ್ಲ, ಈಗ ಬಂತು 🙏 ಎಲ್ಲ ಓದಿದೆ. ಹೀಗೆ ಮಾಡ್ತೀನಿ:

ಎರಡು ಶನಿವಾರ, ಎರಡು ಭಾನುವಾರ. ಚೆಸ್ ಸ್ವಿಸ್ ಐದು ಸುತ್ತು: ಮೊದಲ ಶನಿವಾರ ಎರಡು, ಭಾನುವಾರ ಒಂದು, ಎರಡನೇ ಶನಿವಾರ ಎರಡು. ಚೌಕಾಬಾರ ನಾಲ್ಕು ನಾಲ್ಕು ಜನದ ಮೇಜು, ವಾರದ ಮಧ್ಯ ಅವರವರೇ ಮಾತಾಡ್ಕೊಂಡು ಮುಗಿಸೋದು. ಕೊನೇ ಭಾನುವಾರ ಅದರ ಫೈನಲ್, ಆಮೇಲೆ ಜಗತಿ. ಕರೆಂಟ್ ಚೀಟಿ ಎಲ್ಲರಿಗೂ ಎರಡೆರಡು, ಘಾಟಿ ಪೇಟೆ ಭೇದ ಇಲ್ಲ. ಹೋದ್ರೆ ಡ್ರಾ ಒತ್ತಿ 20 ನಿಮಿಷ ಕಾಯೋದು, ಆಮೇಲೆ ಎಫ್‌ಇಎನ್ ನಕಲು ಮಾಡಿ ನಡೆಸೋರಿಗೆ ಕಳಿಸೋದು. ಮೊದಲ ವಾರದ ಬಾಕಿ ಶುಕ್ರವಾರ ರಾತ್ರಿ 10ರೊಳಗೆ, ಎರಡನೇ ಶನಿವಾರದ್ದು ಮಾರನೇ ದಿನ ಮಧ್ಯಾಹ್ನದೊಳಗೆ ಮುಗೀಬೇಕು. ನಾನು ಆಡಲ್ಲ. ರಾತ್ರಿ ಪಾಳಿ: ನಾನು, ಮೇಷ್ಟ್ರು, ಸೀಗೆಬೇಲಿ ಅಕ್ಕ, ಗಾಳಿ.

ಬಿಎಂರೋಡ್‌ಹುಡ್ಗ, 8:18

ಎರಡು ಜಾಸ್ತಿ ಆಯ್ತು. ಆದ್ರೂ ಸರಿ. ಮಂಜಣ್ಣ, ಮೊದಲ ಸುತ್ತಲ್ಲೇ ಸಿಗಿ.

ಘಾಟಿಮಂಜು, 8:19

ಕರೆಂಟ್ ಇದ್ರೆ.

ಸೀಗೆಬೇಲಿ, 8:40

ಅತ್ತೆ ಬರ್ತಾರಂತೆ!! ಕವಡೆ ಮಾತ್ರ ತಮ್ಮದೇ ಅಂತೆ, ಬಾಟ್ ಮೇಲೆ ನಂಬಿಕೆ ಇಲ್ಲ. ಅಟ್ಟದಿಂದ ಡಬ್ಬಿ ಇಳಿಸಿದ್ವಿ. ತೆಗೆದು ನೋಡಿದ್ರೆ ಮೂರೇ ಇದೆ.

ಲೆಕ್ಕದಮೇಷ್ಟ್ರು, 8:43

ಹುಣಸೆ ಬೀಜ ಒಂದು ಕಡೆ ತೇಯ್ಕೊಳ್ಳಿ. ನಾಲ್ಕೂ ಬೀಜವೇ ಇರ್ಲಿ, ಮೂರು ಕವಡೆಗೆ ಒಂದು ಬೀಜ ಸೇರಿಸ್ಬೇಡಿ, ಲೆಕ್ಕ ಕೆಡುತ್ತೆ.

ಸೀಗೆಬೇಲಿ, 8:45

ಆಗಲೇ ಬಚ್ಚಲುಕಲ್ಲಿನ ಮೇಲೆ ತೇಯ್ತಾ ಕೂತಿದ್ದಾರೆ.